ನಾಲ್ಕು ಮಳೆಗಾಲ ಕಂಡ ಎಡಿ584 ಬೋರ್ಡು: ಹಳೇ ಮೀಟರ್ ತಾಳೆ ನೋಡಲು ಸಾಕೇ?

ಮಂಗಳೂರು ಬಂದರಿನ ಗುಜರಿ ಅಂಗಡಿಯಿಂದ ಹಳೇ ಫ್ಲೂಕ್ 8050ಎ ಮಲ್ಟಿಮೀಟರನ್ನು ಮಲ್ಪೆಯ ಮನೆಗೆ ತಂದ ದಿನವೇ ಪ್ರಶ್ನೆ ಎದ್ದಿತು: ಇದು ತೋರಿಸುವ ವೋಲ್ಟ್ ನಿಜವೋ ಸುಳ್ಳೋ? ಅದಕ್ಕೆಂದೇ ತರಿಸಿದ್ದು ಎಡಿ584 ವೋಲ್ಟೇಜ್ ರೆಫರೆನ್ಸ್ ಬೋರ್ಡು, ಅಂದರೆ ತಾಳೆ ನೋಡಲು ಸ್ಥಿರ ವೋಲ್ಟ್ ಕೊಡುವ ಚಿಪ್ಪಿನ ಬೋರ್ಡು. ಜಂಪರ್ (ಪಿನ್ನುಗಳನ್ನು ಜೋಡಿಸುವ ಸಣ್ಣ ಕ್ಯಾಪ್) ಬದಲಿಸಿದರೆ 2.5, 5, 7.5, 10 ವೋಲ್ಟ್ ಕೊಡುತ್ತದೆ.

ಚಿಪ್ಪಿನ ನಿಖರತೆಗೆ ತಕ್ಕಂತೆ ಗ್ರೇಡ್ ಇರುತ್ತದೆ. ಮಾರಿದವರು ‘ಎಲ್’ ಗ್ರೇಡ್ ಎಂದಿದ್ದರು. ಬಂದ ಚಿಪ್ಪಿನ ಲೋಹದ ತಲೆಯ ಮೇಲೆ ‘ಕೆ’ ಎಂದಿತ್ತು. ಇದು ಸಣ್ಣ ವ್ಯತ್ಯಾಸ ಅಲ್ಲ ಮಾರಾಯ್ರೆ. 10 ವೋಲ್ಟಿನಲ್ಲಿ ಎಲ್ ಗ್ರೇಡಿಗೆ 5 ಮಿಲಿವೋಲ್ಟ್ ಹೆಚ್ಚುಕಮ್ಮಿ, ಕೆ ಗ್ರೇಡಿಗೆ 10. ನನ್ನ ಮೀಟರಿನ ನಿಖರತೆ ಶೇ. 0.03 ಮತ್ತು ಕೊನೆಯ ಸ್ಥಾನದ ಎರಡು ಅಂಕಿ (ಇಲ್ಲಿ ಒಂದು ಅಂಕಿ ಎಂದರೆ 1 ಮಿಲಿವೋಲ್ಟ್), ಅಂದರೆ 10 ವೋಲ್ಟಿಗೆ 5 ಮಿಲಿವೋಲ್ಟ್. ಅಳೆಯುವ ಕೋಲಿಗಿಂತ ಮೀಟರೇ ಚೊಕ್ಕ! ಚಿಪ್ಪಿನ ಸ್ಪೆಸಿಫಿಕೇಶನ್ ನಂಬಿ ಮೀಟರಿನ ಟ್ರಿಮ್ಮರ್ (ರೀಡಿಂಗ್ ಸರಿಹೊಂದಿಸುವ ಸ್ಕ್ರೂ) ತಿರುಗಿಸಿದರೆ ಇದ್ದದ್ದೂ ಹಾಳು.

ಬೋರ್ಡಿನ ಜೊತೆ ಬಂದ ಚೀಟಿಯಲ್ಲಿ 10 ವೋಲ್ಟಿನ ಔಟ್‌ಪುಟ್ 10.0031 ಎಂದಿತ್ತು. ಆನ್ ಮಾಡಿದ ಕೂಡಲೇ ಮೀಟರ್ ತೋರಿಸಿದ್ದು 10.009. ಸ್ಕ್ರೂಡ್ರೈವರ್ ಆಗಲೇ ಕೈಯಲ್ಲಿತ್ತು. ಹೇಗೋ ತಡೆದುಕೊಂಡು ಎರಡನ್ನೂ ಅರ್ಧ ಗಂಟೆ ಬಿಸಿಯಾಗಲು ಬಿಟ್ಟೆ, 10.006ಕ್ಕೆ ಇಳಿದು ನಿಂತಿತು. ಮುಂದೆ ಬೋರ್ಡನ್ನು ಎನ್‌ಎಬಿಎಲ್ (ಪರೀಕ್ಷೆ-ಮಾಪನ ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲಿ 23 ಡಿಗ್ರಿಯಲ್ಲಿ ಅಳೆಸಿದೆ: 10.0042. ಮೀಟರ್ ತನ್ನ ಮಿತಿಯೊಳಗೇ ಉಂಟು. ಚೀಟಿಯ ಮಾತು ಕೇಳದೇ ಇದ್ದದ್ದು ಒಳ್ಳೆಯದಾಯಿತು. ಈ ಬೋರ್ಡಿಗೆ ಬೆಲೆ ಬಂದದ್ದೂ ಆ ಒಂದು ಅಳತೆಯಿಂದಲೇ.

ಅಂದಿನಿಂದ ತಿಂಗಳಿಗೊಮ್ಮೆ ನೋಟ್‌ಬುಕ್ಕಿನಲ್ಲಿ ಕೋಣೆಯ ಉಷ್ಣತೆಯೊಂದಿಗೆ ರೀಡಿಂಗ್ ಬರೆಯುತ್ತೇನೆ. ಕೆ ಗ್ರೇಡ್ ಡಿಗ್ರಿಗೆ 15 ಪಿಪಿಎಂವರೆಗೆ (ಹತ್ತು ಲಕ್ಷದಲ್ಲಿ 15 ಭಾಗ), ಅಂದರೆ 10 ವೋಲ್ಟಿನಲ್ಲಿ 0.15 ಮಿಲಿವೋಲ್ಟ್ ಸರಿಯಬಹುದು. ಏಪ್ರಿಲ್ ಮಧ್ಯಾಹ್ನದ 33 ಡಿಗ್ರಿಗೂ ಆಟಿಯ (ಜುಲೈ-ಆಗಸ್ಟ್) ಮಳೆಯ 25 ಡಿಗ್ರಿಗೂ ಲೆಕ್ಕ ಹಾಕಿದರೆ ಹೆಚ್ಚೆಂದರೆ 1.2 ಮಿಲಿವೋಲ್ಟ್, ಸುಮಾರು ಒಂದು ಅಂಕಿ ಆಚೀಚೆ. ನನ್ನ ಪುಸ್ತಕದಲ್ಲೂ ಅಷ್ಟೇ ಇದೆ.

ನಮ್ಮ ಕರಾವಳಿಯಲ್ಲಿ ದೊಡ್ಡ ಶತ್ರು ಬಿಸಿಲಲ್ಲ, ಉಪ್ಪುಗಾಳಿ. ಎರಡನೇ ಮಳೆಗಾಲ ಮುಗಿಯುವಾಗ ಜಂಪರ್ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು. ಬೆರಳು ತಾಗಿದರೆ ರೀಡಿಂಗ್ ಕುಣಿಯುತ್ತಿತ್ತು. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಬ್ರಶ್ಶಿನಲ್ಲಿ ಉಜ್ಜಿ, ಜಂಪರ್ ಕಿತ್ತು ಪಿನ್ನಿಗೇ ಸ್ವಿಚ್ಚಿನ ತಂತಿ ಬೆಸುಗೆ ಹಾಕಿದೆ. ಈಗ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಜೆಲ್ ಬಣ್ಣ ತಿರುಗಿದರೆ ಹಳೇ ಬಾಣಲೆಯಲ್ಲಿ ಬಿಸಿ ಮಾಡುತ್ತೇನೆ (ಅಡುಗೆಯದ್ದು ಬೇಡ, ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತದೆ).

ಅಡಾಪ್ಟರ್ ವಿಷಯ: 12 ವೋಲ್ಟಿನದ್ದು ಹಾಕಬೇಡಿ. ಚಿಪ್ಪಿಗೆ ಔಟ್‌ಪುಟ್‌ಗಿಂತ ಕನಿಷ್ಠ 2.5 ವೋಲ್ಟ್ ಹೆಚ್ಚು ಬೇಕು. ನನಗೆ ಮೊದಲು 5 ಸರಿ ಬಂದು, 10 ಮಾತ್ರ ಅಲುಗಾಡುತ್ತಿದ್ದದ್ದು ಇದರಿಂದಲೇ. 15 ವೋಲ್ಟ್ ಹಾಕಿದ ಮೇಲೆ ಸರಿಹೋಯಿತು.

ದೊಡ್ಡ ಕೊರತೆ ಇನ್ನೊಂದು. 8050ಎಯ 2 ವೋಲ್ಟ್ ರೇಂಜ್ 1.9999ಕ್ಕೇ ಮುಗಿಯುತ್ತದೆ, ಬೋರ್ಡಿನ ಅತಿ ಕಡಿಮೆ ಔಟ್‌ಪುಟ್ 2.5. ಹಾಗಾಗಿ 2 ವೋಲ್ಟ್, 200 ಮಿಲಿವೋಲ್ಟ್ ರೇಂಜುಗಳಿಗೆ ಇದು ನೇರ ಉಪಯೋಗಕ್ಕಿಲ್ಲ. ವೋಲ್ಟೇಜ್ ತಗ್ಗಿಸಲು ರೆಸಿಸ್ಟರ್ ಡಿವೈಡರ್ ಕಟ್ಟಿಕೊಳ್ಳಬೇಕು. ಶೇ. 0.1ರ ರೆಸಿಸ್ಟರ್ ಹಾಕಿದರೂ ಮೀಟರ್ ಕಾಲದೊಂದಿಗೆ ಸರಿಯುತ್ತಿದೆಯೇ ಎಂದು ತಿಳಿದೀತೇ ಹೊರತು ಅಸಲು ವೋಲ್ಟೇಜ್ ಅಲ್ಲ.

ಆದರೂ ಇನ್ನೊಂದು ಬೇಕಾದರೆ ಇದನ್ನೇ ಕೊಳ್ಳುತ್ತೇನೆ. ದುಡ್ಡು ಕೊಡುವ ಮೊದಲು ಚಿಪ್ಪಿನ ತಲೆಯ ಅಕ್ಷರ ಕಾಣುವ ಫೋಟೋ ಕೇಳಿ ಪಡೆಯಿರಿ.