ಪೋಸ್ಟರ್‌ನ ಸಣ್ಣಕ್ಷರಕ್ಕೆ ‘ಅನೇಕ್ ಕನ್ನಡ’ ಫಾಂಟ್

ಸಿನಿಮಾ ಪೋಸ್ಟರ್‌ನಲ್ಲಿ ಎಲ್ಲರ ಕಣ್ಣೂ ಹೀರೋ ಮುಖ ಮತ್ತು ಟೈಟಲ್ ಮೇಲೆ. ಕೆಲಸ ಕೆಡುವುದು ಮಾತ್ರ ಕೆಳಗಿನ ನಾಲ್ಕು ಸಾಲುಗಳಲ್ಲಿ: ಛಾಯಾಗ್ರಹಣ, ಸಂಭಾಷಣೆ, ವಸ್ತ್ರವಿನ್ಯಾಸ, ನಿರ್ಮಾಪಕರ ಹೆಸರು, ಬಿಡುಗಡೆ ದಿನಾಂಕ. ಮುಂಬೈನ ಏಕ್ ಟೈಪ್ ಸಂಸ್ಥೆ ರೂಪಿಸಿದ ‘ಅನೇಕ್ ಕನ್ನಡ’ ಈ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ಪೋಸ್ಟರ್, ಟ್ರೈಲರ್, ಹೋರ್ಡಿಂಗ್ ಎಲ್ಲಿ ಬಳಸಿದರೂ ಹಣ ಕಟ್ಟಬೇಕಿಲ್ಲ. 8 ದಪ್ಪ, 5 ಅಗಲ, ಒಟ್ಟು 40 ರೂಪಗಳು. ವೇರಿಯಬಲ್ ಫೈಲ್‌ನಲ್ಲಿ (ಎಲ್ಲ ರೂಪಗಳೂ ಒಂದೇ ಫೈಲ್‌ನಲ್ಲಿರುವ ಆವೃತ್ತಿ) ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ (100 ಎಂದರೆ ಸಾಮಾನ್ಯ ಅಗಲ) ಬೇಕಾದಷ್ಟಕ್ಕೆ ನಿಲ್ಲಿಸಬಹುದು.

ನಿಜವಾದ ಲಾಭ ಈ ಅಗಲದ್ದು. ಹೆಸರುಗಳು ಸಾಲಿನಲ್ಲಿ ಹಿಡಿಸದಿದ್ದರೆ ಅಕ್ಷರವನ್ನು ಪಕ್ಕದಿಂದ ಅಮುಕುವುದು ನಮ್ಮಲ್ಲಿ ರೂಢಿ. ಆಗ ನಿಂತ ಗೆರೆ ತೆಳ್ಳಗಾಗಿ, ತಲಕಟ್ಟು ಮಾತ್ರ ದಪ್ಪಗೇ ಉಳಿದು, ಸಾಲು ಸೊರಗಿದ ಹಾಗೆ ಕಾಣುತ್ತದೆ. ಇಲ್ಲಿ ಅಗಲವನ್ನು 75ಕ್ಕೆ ಇಳಿಸಿದರೂ ಗೆರೆಯ ಹದ ಕೆಡುವುದಿಲ್ಲ. ಐದು ಭಾಷೆಗಳಲ್ಲಿ ಬಿಡುಗಡೆಯಾಗುವ ಚಿತ್ರಕ್ಕಂತೂ ಇದು ವರ. ತೆಲುಗು, ತಮಿಳು, ಮಲಯಾಳಂ, ದೇವನಾಗರಿಗೂ ಇದೇ ಕುಟುಂಬದ ಫಾಂಟ್‌ಗಳಿವೆ. ಮಲಯಾಳಂನಲ್ಲಿ ಸಾಲು ಉದ್ದವಾದರೆ ಅಗಲವನ್ನಷ್ಟೇ ಇಳಿಸಿ. ಅಕ್ಷರದ ಗಾತ್ರ ಮುಟ್ಟಬೇಡಿ.

ಟೈಟಲ್‌ಗೆ ಮಾತ್ರ ಬೇಡ. ಗೆರೆ ನಯ, ಸಭ್ಯ. ಮಾಸ್ ಚಿತ್ರದ ಅಬ್ಬರವಾಗಲಿ ಹಾರರ್‌ನ ಕೊಂಕಾಗಲಿ ಇದಕ್ಕೆ ಬರುವುದಿಲ್ಲ. ಟೈಟಲ್ ಎಂದರೆ ಚಿತ್ರದ ಲೋಗೋ, ಅದನ್ನು ಕೈಯಲ್ಲೇ ಬರೆಸಬೇಕು.

ದಪ್ಪದ ಆಯ್ಕೆಯಲ್ಲಿ ಹಲವರು ಎಡವುತ್ತಾರೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟಾಗ 300ಕ್ಕಿಂತ ತೆಳುವಾದದ್ದನ್ನು ಶಾಯಿ ನುಂಗಿಬಿಡುತ್ತದೆ. ಹಾಗೆಂದು 800ಕ್ಕೆ ಹೋದರೆ ಸಣ್ಣ ಗಾತ್ರದಲ್ಲಿ ಮಹಾಪ್ರಾಣದ ಹೊಟ್ಟೆಸೀಳು ಮುಚ್ಚಿ, ಸಂಭಾಷಣೆ ‘ಸಂಬಾಷಣೆ’ ಆಗುತ್ತದೆ. 500ರಿಂದ 600 ಸುರಕ್ಷಿತ. ಸಾಲುಗಳ ಅಂತರವನ್ನು ಇಂಗ್ಲಿಷ್ ಲೆಕ್ಕದಲ್ಲಿ ಇಡಬೇಡಿ: 10 ಪಾಯಿಂಟ್ ಅಕ್ಷರಕ್ಕೆ 14–15 ಪಾಯಿಂಟ್ ಕೊಡಿ, ಇಲ್ಲವಾದರೆ ‘ವಸ್ತ್ರ’ದ ಎರಡು ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತವೆ.

ಒತ್ತಕ್ಷರ ಒಡೆದು ಕಂಡರೆ ಫಾಂಟನ್ನು ದೂರಬೇಡಿ. ಹಳೆಯ ಫೋಟೋಶಾಪ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾದ ಟೆಕ್ಸ್ಟ್ ಎಂಜಿನ್ ಆರಿಸಬೇಕು. ಇಲಸ್ಟ್ರೇಟರ್‌ನಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ಗೆ ಗುರುತು ಹಾಕಬೇಕು. ಹಳೆಯ ನುಡಿ ತಂತ್ರಾಂಶದ ಆಸ್ಕಿ ಪಠ್ಯವನ್ನು (ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕನ್ನಡ ತೋರಿಸುವ ಪದ್ಧತಿ) ನೇರ ಅಂಟಿಸಿದರೆ ಕಸ ಬರುತ್ತದೆ, ಈಗಿನ ಸಾರ್ವತ್ರಿಕ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಪರಿವರ್ತಿಸಿದ ಮೇಲೆ ಹೆಸರುಗಳನ್ನು ಒಂದೊಂದಾಗಿ ಓದಿ: ನಡುವಿನ ಕಾಣದ ಜೀರೋ ವಿಡ್ತ್ ನಾನ್ ಜಾಯಿನರ್ (ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ ಚಿಹ್ನೆ) ಬಿದ್ದುಹೋಗಿ ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗಿರುತ್ತದೆ. ಗೋಡೆಗೆ ಅಂಟಿಸಿದ ಮೇಲೆ ಇದನ್ನು ತಿದ್ದುವವರಿಲ್ಲ.

ವೇರಿಯಬಲ್ ಫೈಲ್‌ನ ಒಂದು ಕಿರಿಕಿರಿಯೂ ಉಂಟು. ಅಕ್ಷರವನ್ನು ಔಟ್‌ಲೈನ್ ಮಾಡಿ (ಎಂದರೆ ಪಠ್ಯವನ್ನು ಆಕಾರವಾಗಿ ಬದಲಿಸಿ) ಅಂಚುಗೆರೆ ಕೊಟ್ಟರೆ, ಒಂದರ ಮೇಲೊಂದು ಕೂತ ಭಾಗಗಳ ಗೆರೆ ಒಳಗೂ ಕಾಣಬಹುದು. ಇಲಸ್ಟ್ರೇಟರ್‌ನ ಪಾತ್‌ಫೈಂಡರ್‌ನಲ್ಲಿ ‘ಯುನೈಟ್’ ಒತ್ತಿ, ಅಥವಾ ಒಂದೊಂದು ರೂಪಕ್ಕೂ ಬೇರೆಬೇರೆಯಾಗಿರುವ ಸ್ಟ್ಯಾಟಿಕ್ ಫೈಲ್‌ಗಳನ್ನೇ ಬಳಸಿ.

20×30 ಇಂಚಿನ ಪೋಸ್ಟರ್‌ಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಚಿತ್ರ 6000×9000 ಪಿಕ್ಸೆಲ್ ಇರಬೇಕು, ಸುತ್ತ ಕತ್ತರಿಸುವಾಗ ಹೋಗುವ 3 ಮಿ.ಮೀ. ಹೆಚ್ಚುವರಿ ಅಂಚು (ಬ್ಲೀಡ್) ಬೇರೆ. ಈ ಸಣ್ಣಕ್ಷರಗಳನ್ನು ಆ ಚಿತ್ರದಲ್ಲಿ ಬೆರೆಸಬೇಡಿ; ವೆಕ್ಟರ್ (ಪಿಕ್ಸೆಲ್ ಅಲ್ಲದ ಗೆರೆರೂಪ) ಆಗಿಯೇ ಪಿಡಿಎಫ್‌ನಲ್ಲಿ ಕಳಿಸಿ. ಕಪ್ಪಕ್ಷರವಾದರೆ ಕಪ್ಪು ಶಾಯಿ ಒಂದರಲ್ಲೇ ಇರಲಿ. ನಾಲ್ಕು ಬಣ್ಣ ಸೇರಿಸಿ ಮಾಡಿದ ಕಪ್ಪಾದರೆ, ಒಂದು ಬಣ್ಣದ ಮುದ್ರಣ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ನಿರ್ಮಾಪಕರ ಹೆಸರಿನ ಸುತ್ತ ಕೆಂಪು ನೀಲಿ ನೆರಳು ಏಳುತ್ತದೆ.