ಮಡಚುವ ಫಾರ್ಮಿಗೆ ಮೂರು ಬಗೆಯ ಕಾವಲು

ಉದ್ದನೆಯ ಅರ್ಜಿಯನ್ನು ಮಡಚಿ ಬಿಚ್ಚುವ ವಿಭಾಗಗಳಾಗಿ ಒಡೆದರೆ ಪುಟವೇನೋ ಚಿಕ್ಕದಾಗಿ ಕಾಣುತ್ತದೆ. ತಾಪತ್ರಯ ಶುರುವಾಗುವುದು ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟುವಾಗ. ವೈಯಕ್ತಿಕ ವಿವರ, ಓದು, ಅನುಭವ, ಘೋಷಣೆ ಎಂಬ ನಾಲ್ಕು ವಿಭಾಗಗಳ ಒಂದೇ ಫಾರ್ಮನ್ನು ಮೂರು ಬಗೆಯಲ್ಲಿ ಕಟ್ಟಿ ನೋಡಿದೆ: ಬ್ರೌಸರಿನ ಸ್ವಂತ ಪರಿಶೀಲನೆ; ಜೆಕ್ವೆರಿ ವ್ಯಾಲಿಡೇಷನ್ (ಫಾರ್ಮ್ ಪರಿಶೀಲಿಸುವ ಪ್ಲಗಿನ್) ಜೊತೆಗೆ ಜೆಕ್ವೆರಿ ಯುಐ ಅಕಾರ್ಡಿಯನ್ (ಮಡಚಿ ಬಿಚ್ಚುವ ವಿಭಾಗಗಳ ಸಲಕರಣೆ); ರಿಯಾಕ್ಟ್ ಹುಕ್ ಫಾರ್ಮ್ (ರಿಯಾಕ್ಟಿನಲ್ಲಿ ಫಾರ್ಮ್ ನಿಭಾಯಿಸುವ ಲೈಬ್ರರಿ) ಜೊತೆಗೆ ಝಾಡ್ (ಮಾಹಿತಿಯ ನಿಯಮ ಬರೆದು ಪರಿಶೀಲಿಸುವ ಲೈಬ್ರರಿ). ಕೋಡಿನ ಉದ್ದವನ್ನು ನಾನು ಅಳೆಯಲಿಲ್ಲ. ಮುಚ್ಚಿದ ವಿಭಾಗದೊಳಗೆ ಉಳಿದ ತಪ್ಪಿಗೆ ಏನಾಗುತ್ತದೆ ಎಂಬುದೊಂದನ್ನೇ ಮುಖ್ಯವಾಗಿ ನೋಡಿದೆ.

ಬ್ರೌಸರಿನ ದಾರಿಯಲ್ಲಿ ಹೊರಗಿನ ಲೈಬ್ರರಿ ಬೇಡ. ಕಡ್ಡಾಯ ಫೀಲ್ಡುಗಳಿಗೆ 'ರಿಕ್ವೈರ್ಡ್' ಹಾಕಿ, 'ಮುಂದೆ' ಒತ್ತಿದಾಗ ವಿಭಾಗದ ಫೀಲ್ಡುಗಳನ್ನು ಸುತ್ತುವ 'ಫೀಲ್ಡ್‌ಸೆಟ್' ಟ್ಯಾಗಿನ ಮೇಲೆ, ತಪ್ಪಿದ್ದರೆ ತೋರಿಸುವ 'ರಿಪೋರ್ಟ್‌ವ್ಯಾಲಿಡಿಟಿ' ಕರೆದರೆ ಸಾಕಲ್ಲವೇ ಎನಿಸುತ್ತದೆ. ಸಾಲದು. ಫೀಲ್ಡ್‌ಸೆಟ್ ಸ್ವತಃ ಪರಿಶೀಲನೆಗೆ ಒಳಪಡದ ಕಾರಣ, ಒಳಗೆ ಎಲ್ಲವೂ ಖಾಲಿಯಿದ್ದರೂ 'ಸರಿಯಿದೆ' ಎಂದೇ ಹೇಳುತ್ತದೆ. ಅದರ 'ಎಲಿಮೆಂಟ್ಸ್' ಪಟ್ಟಿ ಹಿಡಿದು ಫೀಲ್ಡುಗಳನ್ನು ಒಂದೊಂದಾಗಿ ಕೇಳಬೇಕು.

ಮುಚ್ಚಿದ ವಿಭಾಗದ ವಿಷಯದಲ್ಲಿ ಬ್ರೌಸರ್ ಕಟ್ಟುನಿಟ್ಟು, ಆದರೆ ಮೂಕ. 'ಡಿಸ್‌ಪ್ಲೇ ನನ್' ಹಾಕಿ ಮರೆಮಾಡಿದ ವಿಭಾಗದಲ್ಲಿ ಕಡ್ಡಾಯ ಫೀಲ್ಡ್ ಖಾಲಿ ಉಳಿದಿದ್ದರೆ ಫಾರ್ಮ್ ಸಲ್ಲಿಕೆಯಾಗುವುದಿಲ್ಲ. ಸಂದೇಶದ ಗುಳ್ಳೆ ತೋರಿಸಲೂ ಜಾಗವಿಲ್ಲ. ಆ ಫೀಲ್ಡಿಗೆ ಫೋಕಸ್ ಕೊಡಲಾಗದು ಎಂದು ಕ್ರೋಮ್ ಡೆವಲಪರುಗಳಷ್ಟೇ ನೋಡುವ ಕನ್ಸೋಲಿನಲ್ಲಿ ಗೊಣಗುತ್ತದೆ. ಬಳಸುವವರ ಪಾಲಿಗೆ ಬಟನ್ ಸತ್ತಂತೆ. ಪರಿಹಾರ ಮಾತ್ರ ಸೊಗಸಾಗಿದೆ. ಪ್ರತಿ ತಪ್ಪು ಫೀಲ್ಡಿನ ಮೇಲೂ 'ಇನ್‌ವ್ಯಾಲಿಡ್' ಎಂಬ ಈವೆಂಟ್, ಅಂದರೆ ಬ್ರೌಸರ್ ಕೊಡುವ ಸೂಚನೆ, ಹುಟ್ಟುತ್ತದೆ. ಅದು ಮೇಲಕ್ಕೆ ಹರಿಯುವ ಜಾತಿಯದಲ್ಲ, ಆದ್ದರಿಂದ ಫಾರ್ಮಿನ ಮಟ್ಟದಲ್ಲಿ ಕ್ಯಾಪ್ಚರ್ ಹಂತದಲ್ಲೇ (ಸೂಚನೆ ಮೇಲಿನಿಂದ ಫೀಲ್ಡಿನತ್ತ ಇಳಿಯುವಾಗಲೇ) ಹಿಡಿದು ಆ ವಿಭಾಗವನ್ನು ತೆರೆದುಬಿಡಬೇಕು. ಫೋಕಸ್ ಕೊಡುವ ಕೆಲಸ ಈ ಈವೆಂಟುಗಳ ನಂತರ ನಡೆಯುವುದರಿಂದ ಗುಳ್ಳೆ ಸರಿಯಾದ ಕಡೆ ಮೂಡುತ್ತದೆ. ಒಮ್ಮೆಗೆ ಒಂದೇ ವಿಭಾಗ ತೆರೆಯುವ ಅಕಾರ್ಡಿಯನ್ ಆಗಿದ್ದರೆ ಮೊದಲ ತಪ್ಪಿಗೆ ಮಾತ್ರ ಸ್ಪಂದಿಸಬೇಕು. ಇಲ್ಲದಿದ್ದರೆ ಕೊನೆಯ ತಪ್ಪಿನ ವಿಭಾಗ ತೆರೆದು, ಮೊದಲನೆಯದು ಮತ್ತೆ ಮುಚ್ಚಿಕೊಳ್ಳುತ್ತದೆ.

ಗುಳ್ಳೆಯ ಮಾತು ಪುಟದ ಭಾಷೆಯಲ್ಲಲ್ಲ, ಬ್ರೌಸರಿನ ಭಾಷೆಯಲ್ಲಿ ಬರುತ್ತದೆ. 'ಸೆಟ್‌ಕಸ್ಟಮ್‌ವ್ಯಾಲಿಡಿಟಿ'ಯಿಂದ ನಮ್ಮದೇ ವಾಕ್ಯ ಕೊಡಬಹುದು, ಆದರೆ ತಿದ್ದಿದ ಮೇಲೆ ಅದನ್ನು ಖಾಲಿ ಮಾಡದಿದ್ದರೆ ಫೀಲ್ಡ್ ಎಂದೆಂದಿಗೂ ತಪ್ಪಾಗಿಯೇ ಉಳಿಯುತ್ತದೆ. ಅಂದಹಾಗೆ, ವಿಭಾಗಗಳಿಗೆ 'ಡೀಟೇಲ್ಸ್' ಟ್ಯಾಗ್ ಬಳಸುವವರು 'ಟಾಗಲ್' ಈವೆಂಟನ್ನು ನಂಬಬಾರದು. ಅದು ಬರುವುದೇ ವಿಭಾಗ ತೆರೆದ ಅಥವಾ ಮುಚ್ಚಿದ ಮೇಲೆ. ತಡೆಯಬೇಕೆಂದರೆ ಅದರ ಶೀರ್ಷಿಕೆಯಾದ 'ಸಮ್ಮರಿ'ಯ ಕ್ಲಿಕ್ಕನ್ನೇ ತಡೆಯಬೇಕು.

ಜೆಕ್ವೆರಿ ಜೋಡಿಯಲ್ಲಿ ತಡೆಯುವ ಕೆಲಸ ಎಲ್ಲಕ್ಕಿಂತ ಸಲೀಸು. ಅಕಾರ್ಡಿಯನ್ನಿನ 'ಬಿಫೋರ್‌ಆಕ್ಟಿವೇಟ್' ಈವೆಂಟನ್ನು ರದ್ದುಮಾಡಿದರೆ ವಿಭಾಗ ಬದಲಾಗುವುದಿಲ್ಲ. ಇದರ ಮೋಸ ಬೇರೆ ಬಗೆಯದು. 1.9.0 ಆವೃತ್ತಿಯಿಂದ ವ್ಯಾಲಿಡೇಷನ್ ಪ್ಲಗಿನ್ ಮರೆಯಲ್ಲಿರುವ ಫೀಲ್ಡುಗಳನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಸಲ್ಲಿಸುವ ಹೊತ್ತಿಗೆ ಮೂರು ವಿಭಾಗಗಳು ಮುಚ್ಚಿರುವುದರಿಂದ ಅವುಗಳ ತಪ್ಪುಗಳು ಸದ್ದಿಲ್ಲದೆ ಸರ್ವರಿಗೆ ಹೋಗುತ್ತವೆ. ಬ್ರೌಸರ್ ಬಾಯಿಬಿಡದೆ ತಡೆದರೆ ಇದು ಬಾಯಿಬಿಡದೆ ಒಳಗೆ ಬಿಡುತ್ತದೆ. ಎರಡನೆಯದೇ ಹೆಚ್ಚು ಅಪಾಯ ಎಂಬುದು ನನ್ನ ಎಣಿಕೆ. ಯಾವ ಫೀಲ್ಡು ಬಿಡಬೇಕೆಂದು ಹೇಳುವ 'ಇಗ್ನೋರ್' ಆಯ್ಕೆಗೆ ಖಾಲಿ ಪಟ್ಟಿ ಕೊಟ್ಟರೆ ಸರಿಹೋಗುತ್ತದೆ. ಈಗಾಗಲೇ ಜೆಕ್ವೆರಿ ಇರುವ ಹಳೆಯ ಪುಟಕ್ಕೆ ಇದು ಸಾಕು, ಹೊಸದಕ್ಕೆ ತರುವ ಅಗತ್ಯ ಕಾಣೆ.

ರಿಯಾಕ್ಟ್ ಹುಕ್ ಫಾರ್ಮಿನಲ್ಲಿ ಪರಿಶೀಲನೆ ನಡೆಸುವ 'ಟ್ರಿಗರ್'ಗೆ ವಿಭಾಗದ ಫೀಲ್ಡುಗಳ ಹೆಸರು ಕೊಟ್ಟರೆ ಅಷ್ಟರ ಫಲಿತಾಂಶ ಮಾತ್ರ ಬರುತ್ತದೆ. ಉತ್ತರ ಪ್ರಾಮಿಸ್ ರೂಪದಲ್ಲಿ, ಅಂದರೆ ತುಸು ತಡವಾಗಿ, ಬರುವುದರಿಂದ ಕಾಯಲು 'ಅವೇಟ್' ಬೇಕು. ನನ್ನನ್ನು ಸತಾಯಿಸಿದ್ದು ಝಾಡ್. ಕೆಲಸ ಬಿಟ್ಟ ದಿನ ಸೇರಿದ ದಿನಕ್ಕಿಂತ ಮುಂಚಿನದಾಗಿರಬಾರದು ಎಂಬ ನಿಯಮವನ್ನು ಇಡೀ ಸ್ಕೀಮಾದ (ಫೀಲ್ಡುಗಳ ನಿಯಮಪಟ್ಟಿಯ) 'ರಿಫೈನ್' ಎಂಬ ಹೆಚ್ಚುವರಿ ಪರೀಕ್ಷೆಯಲ್ಲಿ ಬರೆದರೆ, ಅನುಭವದ ವಿಭಾಗದಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. ಕೊನೆಯ ವಿಭಾಗದ ಘೋಷಣೆಯ ಚೌಕ 'ಟ್ರೂ' ಆಗಿರಲೇಬೇಕು ಎಂಬ ನಿಯಮ ಇನ್ನೂ ಸೋತಿರುವಾಗ ಝಾಡ್ 'ರಿಫೈನ್'ವರೆಗೆ ತಲುಪುವುದೇ ಇಲ್ಲ. ಹಾಗಾಗಿ ದಿನಾಂಕದ ತಪ್ಪು ಚೌಕಕ್ಕೆ ಗುರುತು ಹಾಕಿದ ಮೇಲಷ್ಟೇ ಹೊರಬೀಳುತ್ತದೆ. ಪ್ರತಿ ವಿಭಾಗಕ್ಕೂ ಬೇರೆ ಸ್ಕೀಮಾ ಬರೆದಾಗ ಈ ಕಾಟ ತಪ್ಪಿತು. ಒಂದು ವಿಭಾಗದ ಉತ್ತರದಿಂದ ಇನ್ನೊಂದರ ನಿಯಮ ಬದಲಾಗುವ ಫಾರ್ಮಾದರೆ ಇಷ್ಟು ಶ್ರಮ ಸಾರ್ಥಕ. ಉಳಿದೆಡೆ ನನ್ನ ಮತ ಬ್ರೌಸರಿಗೇ.

ಮೂರರಲ್ಲೂ ಹಿಂದಕ್ಕೆ ಹೋಗುವುದನ್ನು ನಾನು ತಡೆಯಲಿಲ್ಲ. 'ಬಿಫೋರ್‌ಆಕ್ಟಿವೇಟ್' ಎರಡೂ ದಿಕ್ಕಿಗೆ ಬರುವುದರಿಂದ ಅಲ್ಲಿ ಹಳೆಯ, ಹೊಸ ಶೀರ್ಷಿಕೆಗಳ ಸ್ಥಾನ ಹೋಲಿಸಿ ನೋಡಬೇಕಾಯಿತು. ಅನುಭವ ತುಂಬುತ್ತಿರುವಾಗ ಓದಿನ ವರ್ಷ ತಪ್ಪಾಗಿದೆ ಎಂದು ನೆನಪಾದವರಿಗೆ, ಮೊದಲು ಇಲ್ಲಿಯ ಖಾಲಿ ಜಾಗ ತುಂಬಿ ಎನ್ನುವುದು ಸತಾಯಿಸುವುದಷ್ಟೇ.