ಮರದ ತೂಕ ಅಂದಾಜಿಗೆ ಪಿನ್ ಮಾಯಿಶ್ಚರ್ ಮೀಟರ್: ಒಂದು ವರ್ಷ ಬಳಸಿದ ಮೇಲೆ

ಪೈನ್ ಮರದ ಲೋಡು ಎಷ್ಟು ತೂಗುತ್ತೆ ಅಂತ ಎತ್ತೋ ಮುಂಚೆನೇ ಗೊತ್ತಾಗ್ಬೇಕು, ಅದೊಂದೇ ಕಾರಣಕ್ಕೆ ಮರಕ್ಕೆ ಚುಚ್ಚಿ ತೇವ ಅಳೆಯೋ ಈ ಎರಡು ಪಿನ್ನಿನ ಮೀಟರ್ ತಗೊಂಡಿದ್ದು. ಒಣಗಿದ ಮರಕ್ಕೆ ಧೈರ್ಯವಾಗಿ ತಗೊಳ್ಳಿ, ಹಸಿ ಮರಕ್ಕೆ ಮಾತ್ರ ಇದನ್ನ ನಂಬ್ಕೊಂಡು ಗಾಡಿ ತುಂಬಬೇಡಿ.

ಲೆಕ್ಕ ಸುಲಭ ಇದೆ. ಪೂರ್ತಿ ಒಣಗಿದ ಪೈನ್‌ನ ಮರದಂಶ ಒಂದು ಘನ ಮೀಟರಿಗೆ ಸುಮಾರು 430 ಕೆಜಿ ಅಂತ ಇಟ್ಕೊಳ್ಳಿ, ಮೀಟರ್ ತೇವ ಎಷ್ಟು ಪರ್ಸೆಂಟ್ ತೋರಿಸುತ್ತೋ ಆ 430ರ ಅಷ್ಟು ಪರ್ಸೆಂಟ್ ಅದಕ್ಕೆ ಸೇರ್ಸಿ, ಮರದ ಗಾತ್ರದಿಂದ ಗುಣಿಸಿ, ಮುಗೀತು. ಆದ್ರೆ ಗಾತ್ರ ಟೇಪ್ ಹಿಡಿದೇ ಅಳೀಬೇಕು, ಯಾಕಂದ್ರೆ ಟೂ ಬೈ ಫೋರ್ ಅಂತ ಕರೆಯೋ ರಂದಾ ಹೊಡೆದ ಪಟ್ಟಿ ನಿಜವಾಗಿ ಇರೋದು ಒಂದೂವರೆ ಇಂಚು, ಮೂರೂವರೆ ಇಂಚು. ಹೆಸರಿನ ಅಳತೆ ಹಾಕಿದ್ರೆ ತೂಕ ಒಂದೂವರೆ ಪಟ್ಟು ಬಂದುಬಿಡುತ್ತೆ. ಎಂಟಡಿ ಪಟ್ಟಿ 12 ಪರ್ಸೆಂಟ್ ತೇವದಲ್ಲಿ ಹತ್ರ ಹತ್ರ 4 ಕೆಜಿ, ಅದೇ ಪಟ್ಟಿ 80 ಪರ್ಸೆಂಟ್ ಇದ್ರೆ 6 ಕೆಜಿ ದಾಟುತ್ತೆ. ತೇವನ ಒಣ ಮರದ ತೂಕಕ್ಕೆ ಹೋಲಿಸಿ ಹೇಳೋದ್ರಿಂದ 100 ದಾಟಿದ್ರೂ ಗಾಬರಿ ಬೇಡ, ಆಗಷ್ಟೇ ಕಡಿದ ಪೈನ್‌ನ ಹೊರಗಿನ ಬಿಳಿ ಭಾಗದಲ್ಲಿ ಎಷ್ಟೋ ಸಲ ಮರಕ್ಕಿಂತ ನೀರೇ ಜಾಸ್ತಿ ತೂಗುತ್ತೆ, ಒಳಗಿನ ಗಟ್ಟಿ ಭಾಗ, ಅಂದ್ರೆ ಚೇಗು, ಅದಕ್ಕಿಂತ ತುಂಬಾ ಹಗುರ.

ಮೀಟರ್ ಎಡವೋದೂ ಇಲ್ಲೇ. ಒಂದ್ಸಲ ಹಸಿ ಪಟ್ಟಿಗೆ ಚುಚ್ಚಿದೆ, ಪಿನ್ ಸುತ್ತ ನೀರು ಜಿನುಗ್ತಿತ್ತು, ಸ್ಕ್ರೀನ್‌ನಲ್ಲಿ 34 ಬಂತು. ಆ ಲೆಕ್ಕದಲ್ಲಿ ನಾಲ್ಕೂ ಮುಕ್ಕಾಲು ಕೆಜಿ ಇರಬೇಕು, ಕೈಗೆತ್ತಿದ್ರೆ ಭಾರ ಬೇರೆನೇ, ತೂಗು ತಕ್ಕಡಿಗೆ ಹಾಕಿದ್ರೆ 6.3! ಮೀಟರ್ ಕೆಟ್ಟಿರಲಿಲ್ಲ. ಇದು ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ನೋಡಿ ತೇವ ಹೇಳುತ್ತೆ, ಸುಮಾರು 30 ಪರ್ಸೆಂಟಿಗೆ ಮರದ ನಾರು ನೀರು ಕುಡಿದು ತುಂಬಿಹೋಗುತ್ತೆ, ಆಮೇಲೆ ಎಷ್ಟು ನೀರು ಸೇರಿದ್ರೂ ಕರೆಂಟಿನಲ್ಲಿ ಹೆಚ್ಚು ವ್ಯತ್ಯಾಸ ಕಾಣಲ್ಲ, ಆದ್ರೆ ತೂಕ ಏರ್ತಾನೇ ಹೋಗುತ್ತೆ. ಅದಕ್ಕೇ 28 ದಾಟಿದ್ರೆ ನಾನೀಗ ಮೀಟರ್ ಬದಿಗಿಟ್ಟು ರಾಶಿಯ ಬೇರೆ ಬೇರೆ ಕಡೆಯಿಂದ ನಾಲ್ಕೈದು ಪಟ್ಟಿ ಎಳೆದು ತೂಕ ಹಾಕಿ ಸರಾಸರಿ ಹಿಡೀತೀನಿ.

ಒಣ ಮರದಲ್ಲಿ ಕೆಲಸ ನಿಜಕ್ಕೂ ಚೆನ್ನಾಗಿದೆ, ನನ್ನ ಅಂದಾಜು ತಕ್ಕಡಿಗೆ ಹತ್ರನೇ ಬರ್ತಿದೆ. ಪಿನ್‌ಗಳು ಎಳೆ ಓಡೋ ದಿಕ್ಕಿಗೆ ಇರ್ಲಿ, ತುದಿ ಬೇಗ ಒಣಗಿರುತ್ತೆ ಅದಕ್ಕೆ ತುದಿಯಿಂದ ಒಂದೂವರೆ ಅಡಿ ಬಿಟ್ಟು ಚುಚ್ಚಿ. ಮೆನುವಿನಲ್ಲಿ ಮರದ ಜಾತಿ ಬದಲಾಯಿಸೋದು ಮರೀಬೇಡಿ, ಇದು ಬರುವಾಗ ಡಗ್ಲಸ್ ಫರ್‌ಗೆ ಸೆಟ್ ಆಗಿರುತ್ತೆ. ತಾಮ್ರದ ಉಪ್ಪಿನ ಔಷಧಿ ಹಾಕಿದ ಮರದಲ್ಲಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ, ಚಳಿಯಲ್ಲಿ ಕಮ್ಮಿ ತೋರಿಸುತ್ತೆ.

ಬೇಜಾರು ಅಂದ್ರೆ ಪಿನ್‌ಗಳು. ವರ್ಷದ ಉಂಗುರದ ಗಟ್ಟಿ ಗೆರೆಗೆ ಸಿಕ್ಕಿ ಎರಡು ಸಲ ಬಾಗಿವೆ, ಒತ್ತುವಾಗ ನೆಟ್ಟಗೆ ಒತ್ತಿ, ತೆಗೆಯುವಾಗ ಆಡಿಸಬೇಡಿ. ಡಬ್ಬಿಯಲ್ಲಿ ಎಕ್ಸ್‌ಟ್ರಾ ಪಿನ್ ಎರಡೇ ಕೊಟ್ಟಿದ್ರು, ಇನ್ನೊಂದು ಜೊತೆ ಮೊದಲೇ ತರಿಸಿಟ್ಕೊಳ್ಳಿ.